ದನಿ ಕೊಟ್ಟವರ ಪಾಲು

ಕಗ್ಗದಾಸಪುರದ ರೈಲ್ವೆ ಗೇಟು ಬಿದ್ದಾಗ ಸ್ಕೂಟರು ಆಫ್ ಮಾಡಿ ನಿಂತವರ ಮಾತಿಗೆ ಕಿವಿಗೊಡಬೇಕು. ಸೊಪ್ಪು ಮಾರುವ ಅಮ್ಮನ ಕನ್ನಡದಲ್ಲಿ ತೆಲುಗಿನ ಎಳೆ, ಆಟೊದವರ ಕನ್ನಡದಲ್ಲಿ ತಮಿಳಿನ ರಾಗ, ಟೆಕ್‌ಪಾರ್ಕಿಗೆ ಹೊರಟ ಧಾರವಾಡದ ಹುಡುಗಿಯದು ಬೇರೆಯದೇ ಲಯ. ಪಕ್ಕದ ಸಿ.ವಿ. ರಾಮನ್ ನಗರದ ಡಿಆರ್‌ಡಿಒ ಆವರಣದಲ್ಲಿ ‘ಕೃತಕ ಬುದ್ಧಿಮತ್ತೆ ಮತ್ತು ರೋಬಾಟಿಕ್ಸ್ ಕೇಂದ್ರ’ವಿದೆ. ಬೆಂಗಳೂರಿನಲ್ಲಿ ಅದು ಹುಟ್ಟಿದ್ದು 1986ರಲ್ಲಿ. ಆಗ ಯಂತ್ರಕ್ಕೆ ಬುದ್ಧಿ ಕಲಿಸುವುದೆಂದರೆ ಹೆಚ್ಚಾಗಿ ತಜ್ಞರು ಕೂತು ನಿಯಮ ಬರೆದುಕೊಡುವುದು. ಸೊಪ್ಪಿನಮ್ಮನ ಮಾತು ಯಾರಿಗೂ ಬೇಕಿರಲಿಲ್ಲ.

ಈಗ ಬೇಕಾಗಿದೆ. ಇಂದಿನ ಯಂತ್ರ ಕಲಿಯುವುದು ನಿಯಮದಿಂದಲ್ಲ, ರಾಶಿ ರಾಶಿ ಬರಹ ಮತ್ತು ಮಾತಿನಿಂದ. 2022ರ ನವೆಂಬರಿನಲ್ಲಿ ಬಂದ ಚಾಟ್‌ಜಿಪಿಟಿಯಂಥವುಗಳಿಗೆ ಅಂತರ್ಜಾಲದಲ್ಲಿ ಸಿಕ್ಕಿದ್ದನ್ನೆಲ್ಲ ಬಾಚಿ ಉಣಿಸಿದರು. 2003ರಿಂದ ಕನ್ನಡ ವಿಕಿಪೀಡಿಯ ಕಟ್ಟುತ್ತ ಬಂದವರು ಸಂಬಳಕ್ಕೆ ಬರೆದವರಲ್ಲ. ಯಾರು ಬೇಕಾದರೂ ಬಳಸಿ, ಆದರೆ ಮೂಲ ಹೇಳಿ, ಇದೇ ಷರತ್ತಿನಲ್ಲಿ ಮುಂದಕ್ಕೆ ಹಂಚಿ ಎಂಬುದು ಅದರ ಪರವಾನಗಿ. ಯಂತ್ರ ಉತ್ತರ ಹೇಳುವಾಗ ಆ ಹೆಸರುಗಳು ಎಲ್ಲಿ ಕರಗಿಹೋಗುತ್ತವೋ ಕಾಣುವುದಿಲ್ಲ.

ಆದರೂ ಅಂತರ್ಜಾಲದ ಕನ್ನಡ ಇಂಗ್ಲಿಷಿನ ಮುಂದೆ ಒಂದು ಹಿಡಿ. ಹೀಗಾಗಿ ಕನ್ನಡವನ್ನು ಜನರ ಬಾಯಿಂದಲೇ ತರಬೇಕಾಯಿತು. ಭಾರತೀಯ ವಿಜ್ಞಾನ ಸಂಸ್ಥೆ, ಆರ್ಟ್‌ಪಾರ್ಕ್ ಮತ್ತು ಗೂಗಲ್ ಸೇರಿ ಶುರುಮಾಡಿದ ‘ವಾಣಿ’ ಯೋಜನೆ ಭಾಷೆಯಿಂದ ಹೊರಡುವುದಿಲ್ಲ, ಜಿಲ್ಲೆಯಿಂದ ಹೊರಡುತ್ತದೆ. ಚಿತ್ರ ತೋರಿಸಿ, ಕಂಡದ್ದನ್ನು ನಿಮ್ಮ ಮಾತಿನಲ್ಲೇ ಹೇಳಿ ಅನ್ನುತ್ತದೆ. 773 ಜಿಲ್ಲೆ, ಒಂದೂವರೆ ಲಕ್ಷ ಗಂಟೆಗೂ ಮಿಕ್ಕ ಮಾತು ಅದರ ಗುರಿ. ಪುಸ್ತಕದ ಕನ್ನಡಕ್ಕಿಂತ ಗೇಟಿನ ಬಳಿಯ ಕನ್ನಡಕ್ಕೆ ಇಲ್ಲಿ ಬೆಲೆ.

ಬೆಲೆ ಯಾರಿಗೆ ಸಲ್ಲಬೇಕು? ನನಗೆ ತಿಳಿದಂತೆ ಇದನ್ನು ನೇರವಾಗಿ ಕೇಳಿಕೊಂಡದ್ದು ಬೆಂಗಳೂರಿನದೇ ‘ಕಾರ್ಯ’. ಮೈಕ್ರೋಸಾಫ್ಟ್ ರಿಸರ್ಚ್‌ನ ಪ್ರಯೋಗವೊಂದರಿಂದ ಹೊರಬಂದು 2021ರಲ್ಲಿ ಲಾಭದಾಸೆಯಿಲ್ಲದೆ ನಿಂತ ಸಂಸ್ಥೆ ಅದು. ಕರ್ನಾಟಕದ ಹಳ್ಳಿಗಳಲ್ಲಿ ಹೆಂಗಸರು ಮೊಬೈಲ್ ಹಿಡಿದು ಕನ್ನಡದ ವಾಕ್ಯಗಳನ್ನು ಓದಿದರು; ಕ್ಷಯರೋಗದ ಬಗ್ಗೆ ಕನ್ನಡದಲ್ಲೇ ಉತ್ತರ ಕೊಡುವ ಚಾಟ್‌ಬಾಟ್‌ಗಾಗಿ ಓದಿದವರೂ ಇದ್ದರು. 2023ರಲ್ಲಿ ‘ಟೈಮ್’ ಪತ್ರಿಕೆ ವರದಿ ಮಾಡಿದಂತೆ ಕೂಲಿ ಗಂಟೆಗೆ ಸುಮಾರು 5 ಡಾಲರ್, ಕನಿಷ್ಠ ವೇತನದ ಇಪ್ಪತ್ತು ಪಟ್ಟಿನ ಹತ್ತಿರ. ಅದಕ್ಕಿಂತ ದೊಡ್ಡದು ಇನ್ನೊಂದು ಷರತ್ತು: ಆ ದತ್ತಾಂಶ ಮತ್ತೆ ಮಾರಾಟವಾದರೆ ದನಿ ಕೊಟ್ಟವರಿಗೆ ಮತ್ತೆ ಪಾಲು. ಒಮ್ಮೆ ಕೂಲಿ ಎಣಿಸಿ ಕೈತೊಳೆದುಕೊಳ್ಳುವ ವ್ಯವಹಾರದಲ್ಲಿ ಈ ಮಾತು ಬರವಣಿಗೆಗೆ ಇಳಿದದ್ದೇ ನನಗೆ ಬಹಳ ಅನ್ನಿಸುತ್ತದೆ.

ಕಾನೂನಿನ ದಾರಿಯೂ ಬೆಂಗಳೂರಿನಿಂದಲೇ ಹೊರಟಿತು. ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂತು. ಒಪ್ಪಿಗೆ ಕೇಳುವ ಪತ್ರವನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲೂ ಓದುವ ಅವಕಾಶ ಕೊಡಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು ಎನ್ನುತ್ತದೆ ಅದು. ಆದರೆ ನಾವೇ ಸಾರ್ವಜನಿಕವಾಗಿ ಹಾಕಿದ ಮಾಹಿತಿಗೆ ಕಾಯ್ದೆ ಅನ್ವಯಿಸದು. ಫೇಸ್‌ಬುಕ್ಕಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದ ಊರಹಬ್ಬದ ವಿಡಿಯೊ ಆ ಬಾಗಿಲಿನಿಂದ ಹೊರಟೇಹೋಗಬಹುದು.

ಹಿಂಪಡೆಯುವುದೂ ಸಲೀಸಲ್ಲ. ರೆಕಾರ್ಡಿಂಗ್ ಅಳಿಸಬಹುದು, ಅದರಿಂದ ಕಲಿತದ್ದನ್ನು ಮಾಡೆಲ್‌ನಿಂದ ಬಿಡಿಸಿ ತೆಗೆಯುವುದು ಮಜ್ಜಿಗೆಯಲ್ಲಿ ಬೆರೆತ ಉಪ್ಪನ್ನು ಹೆಕ್ಕಿದಂತೆ. ಕೇಳುವುದಿದ್ದರೆ ಮೊದಲೇ ಕೇಳಬೇಕು.

ತನ್ನ ಬರಹಗಳನ್ನು ಕೇಳದೆ ತರಬೇತಿಗೆ ಬಳಸಿದ್ದಾರೆಂದು ಎಎನ್‌ಐ ಸುದ್ದಿಸಂಸ್ಥೆ 2024ರಲ್ಲಿ ಚಾಟ್‌ಜಿಪಿಟಿಯ ಓಪನ್‌ಎಐ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಯಿತು. 2025ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರದ ಸಮಿತಿಯೊಂದು, ಕೃತಿಗಳನ್ನು ತರಬೇತಿಗೆ ಬಳಸಿದವರು ಹಕ್ಕುದಾರರಿಗೆ ರಾಯಧನ ಕೊಡಲಿ ಎಂಬ ಪ್ರಸ್ತಾವ ಮುಂದಿಟ್ಟಿತು. ಬರೆದವರಿಗೆ ಇದು ಆಸರೆ. ಗೇಟಿನ ಬಳಿ ಸೊಪ್ಪು ಕೂಗುವ ಅಮ್ಮ ಏನನ್ನೂ ಬರೆದವಳಲ್ಲ. ನಾಳೆ ಯಾರಾದರೂ ಮೈಕ್ ಹಿಡಿದು ಅವಳೆದುರು ನಿಂತರೆ, ಅವಳಿಗೆ ಓದಿ ಹೇಳುವ ಕನ್ನಡದ ಒಪ್ಪಿಗೆ ಪತ್ರದಲ್ಲಿ ‘ಮತ್ತೆ ಮಾರಿದರೆ ಇಷ್ಟು’ ಎಂಬ ಸಾಲು ಇದೆಯೇ ಎಂದು ನಾನು ಮೊದಲು ಹುಡುಕುತ್ತೇನೆ.