ಗುಂಡು ಹಾರಿಸಿ ಜಾಗ ಬಿಡುವ ಫಿರಂಗಿ

ಗೋಕಾಕದಿಂದ ಮೂಡಲಗಿಗೂ ಹುಕ್ಕೇರಿಗೂ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಎರಡೂ ಸುಮಾರು 25 ಕಿ.ಮೀ. ಉದ್ದವಿರುತ್ತವೆ; ಭಾರತೀಯ ಭೂಸೇನೆಯ ಬಳಿ ಇರುವ ಕೆ-9 ವಜ್ರ ಎಂಬ ಹೊವಿಟ್ಜರ್‌ನ ಗುಂಡು ಇದಕ್ಕಿಂತ ಸಾಕಷ್ಟು ದೂರ, 38 ಕಿ.ಮೀ.ಗೂ ಆಚೆ ಸಾಗಬಲ್ಲದು. ಒಂದೇ ಕಡೆ ನಿಂತು ಇಷ್ಟು ದೂರ ಹೊಡೆಯಬಲ್ಲ ಫಿರಂಗಿಗೆ ತನ್ನದೇ 1000 ಅಶ್ವಶಕ್ತಿಯ ಎಂಜಿನ್ ಯಾಕೆ ಬೇಕಾಯಿತು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಅದರ ವಿನ್ಯಾಸದ ತಿರುಳು ಸಿಗುತ್ತದೆ.

ಗುಂಡನ್ನು ಎತ್ತರದ ಕಮಾನಿನಲ್ಲಿ ಎಸೆದು, ಗುಡ್ಡದ ಮರೆಯಲ್ಲಿರುವ, ಕಣ್ಣಿಗೆ ಕಾಣದ ಗುರಿಯ ಮೇಲೆ ಬೀಳಿಸುವ ಫಿರಂಗಿಗೆ ಹೊವಿಟ್ಜರ್ ಎನ್ನುತ್ತಾರೆ. ಈಗಿನ ಹೊವಿಟ್ಜರ್‌ಗಳಲ್ಲಿ ಹಲವುಗಳ ನಳಿಕೆಯ ಒಳವ್ಯಾಸ 155 ಮಿ.ಮೀ.; ನಳಿಕೆಯ ಉದ್ದವನ್ನು ಆ ವ್ಯಾಸದ ಎಷ್ಟು ಪಟ್ಟು ಎಂದು ಹೇಳುವುದು ರೂಢಿಯಾದ್ದರಿಂದ, '52 ಕ್ಯಾಲಿಬರ್' ಎಂದರೆ ಸುಮಾರು 8 ಮೀಟರ್ ಉದ್ದದ ನಳಿಕೆ ಎಂದರ್ಥ. ಗುಂಡು 45 ಕಿಲೋ ಆಸುಪಾಸು ತೂಗುತ್ತದೆ, ಮತ್ತು ಅದನ್ನು ತಳ್ಳುವ ಮದ್ದು ಗುಂಡಿಗೆ ಅಂಟಿಕೊಂಡಿರದೆ ಬೇರೆಯಾಗಿರುವುದರಿಂದ, ಗುರಿ ಹತ್ತಿರವಿದ್ದರೆ ಕಡಿಮೆ ಮದ್ದು, ದೂರವಿದ್ದರೆ ಹೆಚ್ಚು ಮದ್ದು ಎಂದು ಆಯ್ದುಕೊಳ್ಳಬಹುದು. ಮದ್ದು ಉರಿದಾಗ ಹುಟ್ಟುವ ಅನಿಲದ ಒತ್ತಡವನ್ನು ತಾಳಲು, ಉಕ್ಕನ್ನು ಬಡಿದು ನಳಿಕೆಯ ರೂಪಕ್ಕೆ ತಂದ ಮೇಲೆ ಅದರೊಳಗೆ ಬೇಕೆಂದೇ ಅತಿ ಒತ್ತಡ ಹೇರಿ, ಒಳಪದರ ಶಾಶ್ವತವಾಗಿ ಬಿಗಿದುಕೊಂಡಿರುವಂತೆ ಮಾಡಲಾಗುತ್ತದೆ. ಸಿಡಿತದ ಬಲ ಮೊದಲು ಈ ಬಿಗಿತವನ್ನು ಸಡಿಲಿಸಬೇಕಾದ್ದರಿಂದ ನಳಿಕೆ ಸೀಳುವುದಿಲ್ಲ.

ಶತಮಾನಗಳ ಕಾಲ ಫಿರಂಗಿಯ ವೇಗವೆಂದರೆ ಅದನ್ನು ಎಳೆಯುವ ಎತ್ತಿನ ವೇಗವೇ ಆಗಿತ್ತು. ಮೈಸೂರು ಸೀಮೆಯ ಅಮೃತಮಹಲ್ ತಳಿಯನ್ನು ಹೈದರ್ ಮತ್ತು ಟಿಪ್ಪು ಬೆಳೆಸಿದ್ದು ಹೆಚ್ಚಾಗಿ ಈ ಕೆಲಸಕ್ಕಾಗಿ, ಮತ್ತು 1799ರಲ್ಲಿ ಟಿಪ್ಪು ಮಡಿದ ನಂತರ ಬ್ರಿಟಿಷರೂ ಆ ತಳಿಯನ್ನು ಕೈಬಿಡಲಿಲ್ಲ. ಎತ್ತಿನ ಜಾಗಕ್ಕೆ ಲಾರಿ ಬಂದ ಮೇಲೂ, ನಿಂತ ಮೇಲೆ ಕೊಂಡಿ ಕಳಚಿ, ಕಾಲು ಹರವಿ, ದಿಕ್ಕು ಹೊಂದಿಸುವ ಕೆಲಸ ಉಳಿದೇ ಇತ್ತು. ಭಾರತ 1986ರಲ್ಲಿ ಕೊಂಡ ಬೋಫೋರ್ಸ್ ತೋಪಿಗೆ ಸ್ವಲ್ಪ ದೂರ ತಾನೇ ಸರಿಯಲು ಸಣ್ಣ ಎಂಜಿನ್ ಇತ್ತು, ಮತ್ತು 1999ರ ಕಾರ್ಗಿಲ್ ಯುದ್ಧದಲ್ಲಿ ಆ ತೋಪು ತನ್ನ ಬೆಲೆ ತೋರಿಸಿತು.

ನಿಂತು, ಹೊಂದಿಸಿ, ಮತ್ತೆ ಹೊರಡುವ ಈ ನಿಧಾನವನ್ನು ಪ್ರಾಣಾಂತಿಕವಾಗಿಸಿದ್ದು ರೇಡಾರ್. ಬೆಂಗಳೂರಿನ ರೇಡಾರ್ ಸಂಶೋಧನಾ ಸಂಸ್ಥೆ ಎಲ್‌ಆರ್‌ಡಿಇ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ ಸೇರಿ ರೂಪಿಸಿದ, 2017ರಲ್ಲಿ ಸೇನೆಗೆ ಹಸ್ತಾಂತರಗೊಂಡ 'ಸ್ವಾತಿ'ಯನ್ನೇ ನೋಡಬಹುದು: ಶತ್ರುವಿನ ಗುಂಡು ಆಕಾಶದಲ್ಲಿರುವಾಗಲೇ ಅದರ ಹಾದಿಯ ಒಂದು ತುಣುಕನ್ನು ಅಳೆದು, ಉಳಿದ ಕಮಾನನ್ನು ಹಿಂದಕ್ಕೂ ಮುಂದಕ್ಕೂ ಲೆಕ್ಕಹಾಕಿ, ಗುಂಡು ಎಲ್ಲಿಂದ ಹೊರಟಿತು, ಎಲ್ಲಿ ಬೀಳಲಿದೆ ಎಂಬೆರಡನ್ನೂ ಅದು ಹೇಳುತ್ತದೆ. 25 ಕಿ.ಮೀ. ದೂರದ ಗುರಿ ಮುಟ್ಟಲು ಗುಂಡಿಗೆ ಒಂದು ನಿಮಿಷಕ್ಕೂ ಹೆಚ್ಚು ಸಮಯ ಬೇಕಾಗುವುದರಿಂದ, ಹೊಡೆದವರ ಜಾಗ ಎದುರಾಳಿಗೆ ತಿಳಿಯುವುದು ಆ ಗುಂಡು ನೆಲ ಮುಟ್ಟುವ ಮುನ್ನವೇ. ಮರುಹೊಡೆತ ಬಂದು ಬೀಳುವಷ್ಟರಲ್ಲಿ ಫಿರಂಗಿ ಅಲ್ಲಿರಬಾರದು. ಸ್ವಯಂಚಲನೆಯ ಹೊವಿಟ್ಜರ್‌ನ ಎಂಜಿನ್, ಗಣಕ, ಗುಂಡು ತುಂಬುವ ಯಂತ್ರ ಎಲ್ಲವೂ ಈ ಕೆಲವೇ ನಿಮಿಷಗಳ ಲೆಕ್ಕಕ್ಕೆ ಹೊಂದಿಸಿದಂಥವು.

ದಕ್ಷಿಣ ಕೊರಿಯಾದ ವಿನ್ಯಾಸವನ್ನು ಆಧರಿಸಿ ಎಲ್ ಆ್ಯಂಡ್ ಟಿ ಗುಜರಾತಿನ ಹಜೀರಾದಲ್ಲಿ ತಯಾರಿಸುವ ವಜ್ರ ಸುಮಾರು 50 ಟನ್ ತೂಗುತ್ತದೆ ಮತ್ತು ಐವರು ಸಿಬ್ಬಂದಿ ಅದರ ಉಕ್ಕಿನ ಕವಚದೊಳಗೇ ಕುಳಿತು ಕೆಲಸ ಮಾಡುತ್ತಾರೆ. ತಾನು ಎಲ್ಲಿದ್ದೇನೆ, ನಳಿಕೆ ಯಾವ ದಿಕ್ಕಿಗಿದೆ ಎಂಬುದು ವಾಹನದ ಉಪಕರಣಗಳಿಗೇ ಗೊತ್ತಿರುವುದರಿಂದ, ನಿಂತ ಮೇಲೆ ಹೊರಗಿಳಿದು ಅಳೆಯುವ ಪ್ರಮೇಯವಿಲ್ಲ. 15 ಸೆಕೆಂಡುಗಳಲ್ಲಿ ಮೂರು ಗುಂಡು ಹಾರಿಸಿ ಅದು ಹೊರಟುಬಿಡಬಲ್ಲದು. ಆ ಮೂರನ್ನೂ ಬೇರೆ ಬೇರೆ ಕೋನದಲ್ಲಿ, ಬೇರೆ ಬೇರೆ ಪ್ರಮಾಣದ ಮದ್ದಿನಿಂದ, ಮೊದಲನೆಯದನ್ನು ಅತಿ ಎತ್ತರಕ್ಕೂ ಕೊನೆಯದನ್ನು ತಗ್ಗಿನಲ್ಲೂ ಹಾರಿಸಿದರೆ ಮೂರೂ ಗುರಿಯ ಮೇಲೆ ಒಟ್ಟಿಗೆ ಬೀಳುತ್ತವೆ.

ಚಕ್ರವೋ ಸರಪಳಿ ಪಟ್ಟಿಯೋ ಎಂಬ ಚರ್ಚೆಗೆ ಉತ್ತರ ನೆಲದಲ್ಲಿದೆ. ಮಳೆಗಾಲದಲ್ಲಿ ಮೂಡಲಗಿ ಕಡೆಯ ಎರೆ ಹೊಲದಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರ್ ಹೂತುಹೋಗುವುದು ಅಷ್ಟೂ ಭಾರ ಟೈರಿನ ಅಂಗೈಯಗಲದ ಜಾಗಗಳ ಮೇಲೆ ಬೀಳುವುದರಿಂದ. ಟ್ಯಾಂಕಿನಂಥ ಪಟ್ಟಿಗಳು ಅದೇ ಭಾರವನ್ನು ಹರಡಿಬಿಡುತ್ತವೆ. ಫ್ರಾನ್ಸಿನ ಸೀಸರ್ ಲಾರಿಯ ಮೇಲೆ ಕೂರಿಸಿದ, 20 ಟನ್ನಿಗೂ ಕಡಿಮೆ ತೂಕದ ಫಿರಂಗಿಯಾದ್ದರಿಂದ ರಸ್ತೆಯಲ್ಲಿ ಬೇಗ ಓಡುತ್ತದೆ, ಖರ್ಚೂ ಕಡಿಮೆ. ಆದರೆ ಹಿಂದೊದೆತ ತಾಳಲು ಅದು ಪ್ರತಿಸಲವೂ ಹಿಂಬದಿಯ ಉಕ್ಕಿನ ಊರುಗಾಲನ್ನು ನೆಲಕ್ಕೂರಬೇಕು. ವಜ್ರ ಆ ಒದೆತವನ್ನು ತನ್ನ ತೂಕ ಮತ್ತು ಅನಿಲ-ತೈಲ ತುಂಬಿದ ತೂಗುವ್ಯವಸ್ಥೆಯಿಂದಲೇ ನುಂಗಿಕೊಳ್ಳುತ್ತದೆ.

ಮರುಭೂಮಿಗೆಂದು ಕೊಂಡ ವಜ್ರವನ್ನು 2021ರಲ್ಲಿ ಪೂರ್ವ ಲಡಾಖಿಗೆ ಏರಿಸಿದಾಗ ಲೆಕ್ಕಗಳೇ ಬದಲಾಗಬೇಕಾಯಿತು: ಅಲ್ಲಿನ ತೆಳುಗಾಳಿಯಲ್ಲಿ ಗುಂಡು ಹೆಚ್ಚು ದೂರ ಹೋಗುತ್ತದೆ, ಚಳಿಯಲ್ಲಿ ಮದ್ದು ಮಂದವಾಗಿ ಉರಿಯುತ್ತದೆ, ಎಂಜಿನ್ನಿಗೆ ಉಸಿರು ಸಾಲುವುದಿಲ್ಲ. ಇಂಥ ಲೆಕ್ಕಗಳನ್ನು ಮಾಡಿ, ಯಾವ ಗುರಿಗೆ ಯಾವ ಫಿರಂಗಿ ಎಂದು ಹಂಚುವ 'ಶಕ್ತಿ' ಗಣಕಜಾಲವೂ ಭಾರತ್ ಎಲೆಕ್ಟ್ರಾನಿಕ್ಸ್‌ನದೇ ಆಗಿದೆ.

ಉಕ್ರೇನಿನಲ್ಲಿ 2022ರಿಂದ ನಡೆದಿರುವ ಯುದ್ಧ, ಚಲಿಸುವ ಫಿರಂಗಿಯನ್ನೂ ಡ್ರೋನ್ ಬೆನ್ನಟ್ಟಬಲ್ಲದು ಎಂದು ತೋರಿಸಿಕೊಟ್ಟಿದೆ. ಹೀಗಿದ್ದೂ ಭಾರತ 2017ರಲ್ಲಿ ಕೊಂಡ 100 ವಜ್ರಗಳ ಜೊತೆಗೆ ಇನ್ನೂ 100ಕ್ಕೆ 2024ರ ಡಿಸೆಂಬರ್‌ನಲ್ಲಿ ಒಪ್ಪಂದ ಮಾಡಿಕೊಂಡಿತು, ಮತ್ತು 2025ರ ಮಾರ್ಚ್‌ನಲ್ಲಿ ಲಾರಿಯಿಂದ ಎಳೆಯುವ 307 ಸ್ವದೇಶಿ ಫಿರಂಗಿಗಳಿಗೂ ಸಹಿ ಹಾಕಿತು. ಇವುಗಳ ಸಂಖ್ಯೆಯನ್ನಷ್ಟೇ ನೋಡಿ ಬಲವನ್ನು ಅಳೆಯುವುದು ತಪ್ಪು. ಅವುಗಳ ಜೊತೆ ಎಷ್ಟು ರೇಡಾರ್‌ಗಳಿವೆ, ಸಿಬ್ಬಂದಿ ಎಷ್ಟು ನಿಮಿಷದಲ್ಲಿ ಜಾಗ ಬಿಡಬಲ್ಲರು ಎಂದೂ ಕೇಳಬೇಕು.