ಬಂದೂಕಿನಾಟ: ಬೆರಳಿನ ಗೆಲುವೋ, ಬುದ್ಧಿಯ ಗೆಲುವೋ?

ಧಾರವಾಡದ ಸಪ್ತಾಪುರದ ಬಾಡಿಗೆ ಕೋಣೆಯಲ್ಲಾಗಲಿ, ಹುಬ್ಬಳ್ಳಿಯ ವಿದ್ಯಾನಗರದ ಮಹಡಿಯ ಮೇಲಾಗಲಿ ನಡುರಾತ್ರಿಯವರೆಗೆ ದೀಪ ಉರಿಯುತ್ತಿದ್ದರೆ, ಒಳಗಿನ ತರುಣನು ಪರೀಕ್ಷೆಗೆ ಓದುತ್ತಿದ್ದಾನೆಂದು ಇಂದು ಯಾರೂ ಖಚಿತವಾಗಿ ಹೇಳಲಾರರು. ಕಿವಿಗೆ ಹೆಡ್‌ಫೋನು, ಕೈಯಲ್ಲಿ ಮೌಸು ಇಲ್ಲವೆ ಮೊಬೈಲು, ಕಣ್ಣೆದುರಿಗೆ ಗುಂಡಿನ ಮಳೆ! ಮಲಗೆಂದು ಕರೆದ ತಾಯಿಗೆ ಮನೆಮನೆಯಲ್ಲಿಯೂ ದೊರೆಯುವ ಉತ್ತರ ಒಂದೇ: “ಇದೊಂದ ಮ್ಯಾಚ್ ಮುಗಿಸಿ ಮಲಗ್ತೇನವ್ವಾ.” ಆ ಒಂದು ಎಂದಿಗೂ ಒಂದಕ್ಕೇ ಮುಗಿಯುವುದಿಲ್ಲ.

ಹಿರಿಯರ ದೃಷ್ಟಿಯಲ್ಲಿ ಇದು ಕಾಲಹರಣ. ಕಿರಿಯರ ದೃಷ್ಟಿಯಲ್ಲಿ ಇದೊಂದು ವಿದ್ಯೆ. ವಾದ ಎಷ್ಟೇ ಬಿರುಸಾಗಿ ನಡೆಯಲಿ, ಉಭಯ ಪಕ್ಷದವರೂ ಒಂದು ಮಾತನ್ನು ಒಪ್ಪಿಕೊಂಡೇ ಜಗಳಕ್ಕೆ ನಿಂತಿರುತ್ತಾರೆ: ಹೆಚ್ಚು ಹೊತ್ತು ಆಡಿದವನು ಹೆಚ್ಚು ಚೆನ್ನಾಗಿ ಆಡುತ್ತಾನೆ ಎಂಬುದೇ ಆ ಮಾತು. ಆಟದ ಒಳಮರ್ಮವನ್ನು ಬಿಡಿಸಿ ನೋಡಿದರೆ ಈ ಮಾತೇ ಸುಳ್ಳೆಂದು ಕಂಡುಬರುತ್ತದೆ. ನಿದ್ದೆಗೆಟ್ಟು ಆಡುವವನು ಓದನ್ನಷ್ಟೇ ಅಲ್ಲ, ಆಟವನ್ನೂ ಕೆಡಿಸಿಕೊಳ್ಳುತ್ತಾನೆ.

ಆಟ ಬೆಳೆದು ಬಂದ ಬಗೆ

ಆಟಗಾರನ ಕಣ್ಣಿನಿಂದಲೇ ರಣರಂಗವು ಕಾಣಬೇಕು, ತೆರೆಯ ಮೇಲೆ ಅವನ ಕೈಗಳೂ ಬಂದೂಕೂ ಮಾತ್ರ ತೋರಬೇಕು. ಇದು ‘ಶೂಟರ್’ ಎಂದು ಹೆಸರಾದ ಈ ಆಟಗಳ ಲಕ್ಷಣ. ಎದುರಾಳಿಯು ಯಂತ್ರವಲ್ಲ, ದೂರದ ಯಾವುದೋ ಊರಿನಲ್ಲಿ ಇವನಂತೆಯೇ ಕುಳಿತ ಇನ್ನೊಬ್ಬ ಮನುಷ್ಯ. ‘ಹಾಫ್-ಲೈಫ್’ ಎಂಬ ಆಟವನ್ನು ಮಾರ್ಪಡಿಸಿ ಮಿನ್ ಲೀ, ಜೆಸ್ ಕ್ಲಿಫ್ ಎಂಬ ಇಬ್ಬರು ತರುಣರು 1999ರಲ್ಲಿ ಹೊರತಂದ ‘ಕೌಂಟರ್-ಸ್ಟ್ರೈಕ್’ ಐವರ ವಿರುದ್ಧ ಐವರು ಸೆಣಸುವ ಪದ್ಧತಿಯನ್ನು ಜಗತ್ತಿನಾದ್ಯಂತ ರೂಢಿಗೆ ತಂದಿತು. ನಮ್ಮ ದೇಶದ ಸೈಬರ್ ಕೆಫೆಗಳಲ್ಲಿ ತರುಣರು ಗಂಟೆಯ ಲೆಕ್ಕದಲ್ಲಿ ಹಣ ತೆತ್ತು ಅದನ್ನು ಆಡಿದರು. 2020ರಲ್ಲಿ ‘ವ್ಯಾಲರಂಟ್’ ಬಂದಿತು.

ಮೊಬೈಲಿನ ಕಥೆ ಇನ್ನೂ ಏರಿಳಿತದ್ದು. ‘ಪಬ್‌ಜಿ’ ಆಟವನ್ನು ಭಾರತ ಸರಕಾರವು 2020ರ ಸಪ್ಟೆಂಬರ 2ರಂದು ನಿಷೇಧಿಸಿತು. ಅದರ ಭಾರತೀಯ ಅವತಾರವಾದ ‘ಬಿ.ಜಿ.ಎಂ.ಐ.’ 2021ರ ಜುಲೈಯಲ್ಲಿ ಬಂದು, 2022ರ ಜುಲೈಯಲ್ಲಿ ತಡೆಗೊಳಗಾಗಿ, 2023ರ ಮೇ ತಿಂಗಳಲ್ಲಿ ಮರಳಿತು. ಹೀಗೆ ಮರಳುವಾಗ, 18 ವರ್ಷ ತುಂಬದವರು ದಿನಕ್ಕೆ 3 ಗಂಟೆಗಿಂತ ಹೆಚ್ಚು ಆಡದಂತೆ ಕಟ್ಟುಪಾಡನ್ನೂ ತಂದಿತು.

ಕ್ಷಣದ ಲೆಕ್ಕ

ಈ ಆಟಗಳಲ್ಲಿ ಸೋತ ಹುಡುಗನು ಸಾಮಾನ್ಯವಾಗಿ ದೂರುವುದು ಯಂತ್ರವನ್ನು. ಹೊಸ ಮೌಸು ಬೇಕು, ಹೊಸ ಮಾನಿಟರು ಬೇಕು, ಈ ಇಂಟರ್‌ನೆಟ್ ಸರಿಯಿಲ್ಲ ಎಂದು ಅವನ ಬೇಡಿಕೆಗಳು ಬೆಳೆಯುತ್ತವೆ. ತಂದೆಯು ಹಣ ತೆಗೆಯುವ ಮೊದಲು ತುಸು ಗಣಿತ ಮಾಡುವುದು ಒಳ್ಳೆಯದು.

ಒಂದು ಸೆಕೆಂಡನ್ನು ಸಾವಿರ ಭಾಗ ಮಾಡಿದರೆ ಒಂದೊಂದು ಭಾಗವೂ ಒಂದು ಮಿಲಿಸೆಕೆಂಡು. ಸೆಕೆಂಡಿಗೆ 60 ಚಿತ್ರ ತೋರುವ ಸಾಧಾರಣ ಮಾನಿಟರಿನಲ್ಲಿ ಚಿತ್ರದಿಂದ ಚಿತ್ರಕ್ಕೆ ಸುಮಾರು 17 ಮಿಲಿಸೆಕೆಂಡು. 144 ಚಿತ್ರ ತೋರುವ ದುಬಾರಿ ಮಾನಿಟರಿನಲ್ಲಿ ಸುಮಾರು 7. ಉಳಿತಾಯ ಹತ್ತು ಮಿಲಿಸೆಕೆಂಡು. ಇನ್ನು ಆಟಗಾರನ ಸಂದೇಶವು ಸರ್ವರಿಗೆ ಹೋಗಿ ಬರುವ ಕಾಲಕ್ಕೆ ‘ಪಿಂಗ್’ ಎಂದು ಹೆಸರು. ಹಲವು ಆಟಗಳ ಸರ್ವರುಗಳು ಮುಂಬಯಿಯಲ್ಲಿವೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುತ್ತದೆ. ಹುಬ್ಬಳ್ಳಿಯಿಂದ ಮುಂಬಯಿಗೆ 600 ಕಿಲೋಮೀಟರು ತಂತಿ ಎಂದಿಟ್ಟುಕೊಂಡರೂ ಹೋಗಿ ಬರಲು 6 ಮಿಲಿಸೆಕೆಂಡು ಸಾಕು. ತಂತಿಯು ಸುತ್ತು ಬಳಸಿ ಹೋಗುವುದರಿಂದಲೂ ನಡುವೆ ಹಲವು ಠಾಣೆಗಳಲ್ಲಿ ತಡೆಯುವುದರಿಂದಲೂ ಅದು ಹೆಚ್ಚುತ್ತದೆ. ಮನೆಯೊಳಗಿನ ವೈಫೈಯನ್ನು ಬಿಟ್ಟು ನೇರವಾಗಿ ಕೇಬಲ್ ಜೋಡಿಸಿದರೆ ಅಲ್ಪ ವೆಚ್ಚದಲ್ಲಿಯೇ ಆಟದ ಮುಗ್ಗರಿಕೆ ಬಹಳಷ್ಟು ಕಡಿಮೆಯಾಗುವುದುಂಟು.

ಆದರೆ ಮನುಷ್ಯನ ದೇಹವು ಇವೆಲ್ಲಕ್ಕಿಂತ ನಿಧಾನ. ಕಣ್ಣು ಕಂಡದ್ದಕ್ಕೆ ಬೆರಳು ಸ್ಪಂದಿಸಲು ಸಾಮಾನ್ಯನಿಗೆ 200ರಿಂದ 250 ಮಿಲಿಸೆಕೆಂಡು ಬೇಕು. ಆಮೇಲೆ ಗುರಿಯನ್ನು ಎದುರಾಳಿಯ ಮೇಲೆ ಎಳೆದು ತರಲು ಮತ್ತಷ್ಟು ಹೊತ್ತು. ಎದುರಾಳಿಯು ಯಾವ ಮೂಲೆಯಿಂದ, ಎಷ್ಟು ಎತ್ತರದಲ್ಲಿ ತಲೆ ತೋರಿಸುತ್ತಾನೆಂದು ಮೊದಲೇ ಊಹಿಸಿ ಅಲ್ಲಿಯೇ ಗುರಿಯಿಟ್ಟು ಕಾಯುವವನಿಗೆ ಈ ಎರಡನೆಯ ಹೊತ್ತೆಲ್ಲ ಉಳಿಯುತ್ತದೆ. ದುಡ್ಡು ಕೊಟ್ಟರೆ ಹತ್ತು ಮಿಲಿಸೆಕೆಂಡು ಸಿಗುತ್ತದೆ. ಮುಂದಾಲೋಚನೆಯಿಂದ ನೂರು, ಇನ್ನೂರು ಸಿಗುತ್ತದೆ!

ಬಲ್ಲವರ ಪಟ್ಟುಗಳು

ಗರಡಿಯಲ್ಲಿ ಪಟ್ಟುಗಳಿರುವಂತೆ ಇಲ್ಲಿಯೂ ಇವೆ. ಗುರಿಚಿಹ್ನೆಯನ್ನು ನೆಲದ ಕಡೆಗೆ ಜೋತುಬಿಡದೆ ಸದಾ ತಲೆಯ ಎತ್ತರಕ್ಕೆ ಹಿಡಿದು ನಡೆಯುವುದು ಮೊದಲನೆಯದು. ಓಡುತ್ತ ಗುಂಡು ಹಾರಿಸಬಾರದೆಂಬುದು ಎರಡನೆಯದು. ಕೌಂಟರ್-ಸ್ಟ್ರೈಕಿನಲ್ಲಿ ಓಡುವವನ ಗುಂಡು ಚದರಿ ಹೋಗುತ್ತದೆ. ಆದುದರಿಂದ ಬಲ್ಲವನು ಓಟಕ್ಕೆ ವಿರುದ್ಧ ದಿಕ್ಕಿನ ಕೀಲಿಯನ್ನು ಕ್ಷಣಮಾತ್ರ ಒತ್ತಿ, ಗಕ್ಕನೆ ನಿಂತು ಹೊಡೆಯುತ್ತಾನೆ. ಮೂರನೆಯದು ಬಂದೂಕಿನ ಒದೆತವನ್ನು ಅರಿಯುವುದು. ಎ.ಕೆ. 47ನ್ನು ಬಿಡದೆ ಹಾರಿಸಿದರೆ ಗುಂಡುಗಳು ಮೊದಲು ಮೇಲಕ್ಕೂ ಆಮೇಲೆ ಅತ್ತಿತ್ತಲೂ ಸರಿಯುತ್ತವೆ. ಈ ಸರಿತಕ್ಕೆ ಒಂದು ನಿಶ್ಚಿತ ರೂಪವಿದೆ. ಖಾಲಿ ಗೋಡೆಗೆ ಹೊಡೆದು ಅದನ್ನು ಬಾಯಿಪಾಠದಂತೆ ಕಲಿತು, ಮೌಸನ್ನು ಎದುರು ದಿಕ್ಕಿಗೆ ಎಳೆಯಬೇಕು. ಅಲ್ಲಿಯವರೆಗೆ ಎರಡು ಮೂರು ಗುಂಡಿಗೆ ನಿಲ್ಲಿಸುವುದೇ ಲೇಸು.

ನಾಲ್ಕನೆಯದು ಕಿವಿ. ಓಡುವವನ ಹೆಜ್ಜೆಯ ಸಪ್ಪಳ ಎದುರಾಳಿಗೆ ಕೇಳುತ್ತದೆ, ಮೆಲ್ಲನೆ ನಡೆಯುವವನದು ಕೇಳುವುದಿಲ್ಲ. ಐದನೆಯದು, ಅತಿ ಕಷ್ಟದ್ದು, ನಾಲಗೆ. “ಬಾಗಿಲ ಕಡೆ ಇಬ್ಬರು, ಒಬ್ಬನಿಗೆ ಪೆಟ್ಟಾಗಿದೆ” ಎಂದು ಚುಟುಕಾಗಿ ಹೇಳಿ ಸುಮ್ಮನಾಗುವವನು ಪಂಗಡಕ್ಕೆ ಆಸ್ತಿ. ಸತ್ತ ಮೇಲೂ ಸಂಗಡಿಗರನ್ನು ಬೈಯುತ್ತ ಕೂರುವವನು ಎಷ್ಟು ಜಾಣನಾದರೂ ಹೊರೆ.

ರಿಯಾಜಿನ ಪಾಠ

ಈ ಪಟ್ಟುಗಳು ಕೈಗೆ ಹತ್ತುವುದು ಹೇಗೆ? ಈ ಅವಳಿ ನಗರದವರಿಗೆ ಉತ್ತರವನ್ನು ಹೊರಗೆ ಹುಡುಕಬೇಕಾಗಿಲ್ಲ. ಸವಾಯಿ ಗಂಧರ್ವರಲ್ಲಿ ಕಲಿಯಲೆಂದು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು. ಆ ಪರಂಪರೆಯಲ್ಲಿ ರಿಯಾಜೆಂದರೆ ಕಚೇರಿಗಳ ಸಂಖ್ಯೆಯಲ್ಲ. ಒಂದೇ ಸ್ವರಸಂಚಾರವನ್ನು ತಪ್ಪು ತಿದ್ದುತ್ತ, ನಿಧಾನವಾಗಿ, ಕಿವಿಗೊಟ್ಟು ಮತ್ತೆ ಮತ್ತೆ ಹಾಡುವುದು. ಆಟಗಾರನು ರಾತ್ರಿಯಿಡೀ ಪಂದ್ಯದ ಮೇಲೆ ಪಂದ್ಯ ಆಡುವುದೆಂದರೆ, ರಿಯಾಜೇ ಇಲ್ಲದೆ ದಿನಕ್ಕೆ ಹತ್ತು ಕಚೇರಿ ಮಾಡಿದಂತೆ.

1993ರಲ್ಲಿ ಆಂಡರ್ಸ್ ಎರಿಕ್ಸನ್ ಮತ್ತು ಅವರ ಸಂಗಡಿಗರು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಕುರಿತು ಒಂದು ಅಧ್ಯಯನವನ್ನು ಪ್ರಕಟಿಸಿದರು. ಉತ್ತಮರು ಉಳಿದವರಿಗಿಂತ ಹೆಚ್ಚು ಸಾಧನೆ ಮಾಡಿದ್ದರೆಂಬುದು ನಿಜ. ಆದರೆ ಅವರು ಏಕಾಂತದಲ್ಲಿ, ಏಕಾಗ್ರರಾಗಿ, ನಡುವೆ ವಿಶ್ರಾಂತಿ ಪಡೆದು ಸಾಧನೆ ಮಾಡುತ್ತಿದ್ದರು. ಉಳಿದವರಿಗಿಂತ ಹೆಚ್ಚು ನಿದ್ದೆಯನ್ನೂ ಮಾಡುತ್ತಿದ್ದರು. 2002ರಲ್ಲಿ ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು ಬೆರಳುಗಳ ಒಂದು ಕ್ರಮವನ್ನು ಕಲಿಸಿ ಪರೀಕ್ಷಿಸಿದಾಗ, ಒಂದು ರಾತ್ರಿಯ ನಿದ್ದೆಯ ತರುವಾಯ, ಮತ್ತೆ ಅಭ್ಯಾಸ ಮಾಡದಿದ್ದರೂ, ಕಲಿತವರ ವೇಗ ಸುಮಾರು 20 ಪ್ರತಿಶತ ಹೆಚ್ಚಿತ್ತು. ಅಷ್ಟೇ ಹೊತ್ತು ಎಚ್ಚರವಿದ್ದವರಿಗೆ ಆ ಲಾಭ ದೊರೆಯಲಿಲ್ಲ. ಹಗಲು ಕಲಿತದ್ದನ್ನು ಕೈಗೆ ಒಪ್ಪಿಸುವ ಕೆಲಸವನ್ನು ನಿದ್ದೆಯು ಮಾಡುತ್ತದೆ. ಎರಡು ಗಂಟೆಯವರೆಗೆ ಎದ್ದು ಆಡುವ ಹುಡುಗನು ತಾನು ಬಿತ್ತಿದ ಬೆಳೆಯನ್ನು ತಾನೇ ತುಳಿಯುತ್ತಾನೆ.

ಆದುದರಿಂದ ದಿನಕ್ಕೆ ಒಂದೂವರೆ ಗಂಟೆ ಮೀಸಲಿಟ್ಟವನು ಹೀಗೆ ಹಂಚಿಕೊಳ್ಳಬಹುದು: ಮೊದಲ ಇಪ್ಪತ್ತು ನಿಮಿಷ ಒಂದೇ ಪಟ್ಟಿನ ನಿಧಾನದ ಅಭ್ಯಾಸ, ಅನಂತರ ಒಂದು ಪಂದ್ಯ, ಕೊನೆಗೆ ತಾನು ಸೋತ ಸನ್ನಿವೇಶಗಳ ಧ್ವನಿಚಿತ್ರವನ್ನು ನೋಡಿ, ಎಲ್ಲಿ ತಪ್ಪಿತೆಂದು ಒಂದು ಸಾಲು ಬರೆದಿಡುವುದು. ಮೌಸಿನ ಸೆನ್ಸಿಟಿವಿಟಿಯನ್ನು ಒಮ್ಮೆ ಹದಕ್ಕೆ ತಂದ ಮೇಲೆ ದಿನಕ್ಕೊಂದು ಬಗೆಯಾಗಿ ಬದಲಿಸಬಾರದು. ಶ್ರುತಿ ದಿನವೂ ಬೇರೆಯಾದರೆ ಸ್ವರ ನಿಲ್ಲುವುದಾದರೂ ಎಲ್ಲಿ? ಒಂದರ ಹಿಂದೊಂದು ಎರಡು ಪಂದ್ಯ ಸೋತಾಗ ಎದ್ದು ನೀರು ಕುಡಿದು ಅಂಗಳದಲ್ಲಿ ಅಡ್ಡಾಡುವುದು ಉತ್ತಮ. ರೊಚ್ಚಿನಿಂದ ಆಡಿದ ಮೂರನೆಯದು ಬಹುಮಟ್ಟಿಗೆ ಸೋಲೇ.

ಮನೆಯವರ ಪಾಲು

ಇಂಥ ಆಟದಿಂದ ಲಾಭವೇ ಇಲ್ಲವೆಂದು ಹಿರಿಯರೂ ತೀರ್ಮಾನಿಸಬೇಕಾಗಿಲ್ಲ. ಇವು ಕಣ್ಣಿನ ಅವಧಾನಶಕ್ತಿಯನ್ನು ಚುರುಕುಗೊಳಿಸುತ್ತವೆಂದು ಶಾನ್ ಗ್ರೀನ್ ಮತ್ತು ಡಾಫ್ನೆ ಬ್ಯಾವೆಲಿಯರ್ 2003ರಲ್ಲಿ ತೋರಿಸಿಕೊಟ್ಟರು. ಹಾಂಗ್‌ಝೌ ಏಶಿಯನ್ ಕ್ರೀಡಾಕೂಟದಲ್ಲಿ 2023ರಲ್ಲಿ ಇ-ಸ್ಪೋರ್ಟ್ಸಿಗೆ ಪದಕಗಳು ಸಂದವು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಹಣವೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸನ್ನು ಅದರಿಂದ ಬೇರೆಯಾಗಿ ಮಾನ್ಯ ಮಾಡಿತು. ಆದರೂ ಇದೇ ಹೊಟ್ಟೆಪಾಡಾದೀತೆಂದು ಕಾಲೇಜು ಬಿಡುವುದು ಅವಿವೇಕ. ಶಿಖರದಲ್ಲಿ ಜಾಗ ಕೆಲವರಿಗೆ ಮಾತ್ರ. ‘ಸ್ಟಾರ್‌ಕ್ರಾಫ್ಟ್’ ಎಂಬ ವ್ಯೂಹಪ್ರಧಾನ ಆಟದ 3,305 ಆಟಗಾರರನ್ನು ಪರಿಶೀಲಿಸಿದ 2014ರ ಕೆನಡಾದ ಅಧ್ಯಯನವು, 24ನೆಯ ವಯಸ್ಸಿನಿಂದಲೇ ಪ್ರತಿಕ್ರಿಯೆಯ ವೇಗ ಇಳಿಯತೊಡಗುತ್ತದೆಂದು ಕಂಡಿತು. ಆ ಕೊರತೆಯನ್ನು ಹಿರಿಯ ಆಟಗಾರರು ತುಂಬಿಕೊಂಡದ್ದು ಸರಳವಾದ ಉಪಾಯಗಳಿಂದ.

ಎಚ್ಚರಿಕೆಯ ಗೆರೆಯೂ ಸ್ಪಷ್ಟವಾಗಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಊಟ ಓದುಗಳಿಗಿಂತ ಆಟವೇ ದೊಡ್ಡದಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು, ಇವು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಮುಂದುವರಿದರೆ ಅದನ್ನು ವ್ಯಾಧಿಯೆಂದು ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಪರಿಗಣಿಸುತ್ತದೆ. ಈ ವರ್ಗೀಕರಣ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಇಂಥವರಿಗೆಂದೇ 2014ರಲ್ಲಿ ಒಂದು ಚಿಕಿತ್ಸಾಲಯ ಆರಂಭವಾಯಿತು. ಮನೋವೈದ್ಯರ ಸಲಹೆಗೆ ಧಾರವಾಡದಲ್ಲಿಯೇ ಡಿಮ್ಹಾನ್ಸ್ ಇದೆ. ಹಾಗೆ ಹೋಗುವುದರಲ್ಲಿ ನಾಚಿಕೆಯೇನೂ ಇಲ್ಲ.

ಅಷ್ಟು ದೂರ ಹೋಗುವ ಮೊದಲೇ ಮನೆಯಲ್ಲಿ ಆಗಬಹುದಾದದ್ದು ಬಹಳ. ಫೋನು ಕಸಿಯುವ ತಂದೆಗೆ ಸಿಗುವುದು ಮಗನ ಮುನಿಸು ಮಾತ್ರ. “ಎಷ್ಟು ಹೊತ್ತು ಆಡಿದಿ?” ಎಂದು ಗದರುವ ಬದಲು “ಇವತ್ತ ಏನ್ ತಪ್ಪಿತು, ಏನ್ ತಿದ್ದಿದಿ?” ಎಂದು ಕೇಳುವ ತಂದೆಯು ಮಗನ ವಿದ್ಯೆಯ ಒಳಗೇ ಕಾಲಿಟ್ಟಂತಾಗುತ್ತದೆ. ಆ ಪ್ರಶ್ನೆಗೆ ಉತ್ತರ ಹುಡುಕಲು ಕಲಿತ ಹುಡುಗನು ಗಣಿತದ ಉತ್ತರಪತ್ರಿಕೆಯನ್ನೂ ಹಾಗೆಯೇ ತಿದ್ದಿಕೊಂಡಾನು. ಪಟ್ಟು ಹಾಕಲು ಕಲಿಸಿದ ಗರಡಿಯೇ ಪಟ್ಟು ಸಡಿಲಿಸುವುದನ್ನೂ ಕಲಿಸುತ್ತದೆ. ಆಟವನ್ನು ಹೊತ್ತಿಗೆ ಸರಿಯಾಗಿ ನಿಲ್ಲಿಸಬಲ್ಲವನೇ ನಾಳಿನ ಪಂದ್ಯದಲ್ಲಿ ಗೆಲ್ಲುವವನು.