ಬ್ಲ್ಯಾಕ್ ಬೆಲ್ಟ್ ಮೇಲೆ ಯಾರ ಮುದ್ರೆ?

ಪತ್ರಿಕೆಗಳ ಜಿಲ್ಲಾ ಪುಟಗಳನ್ನು ನಿತ್ಯ ಓದುವವರಿಗೆ ಈ ಸುದ್ದಿಯ ಅಚ್ಚು ಪರಿಚಿತ. ಶಾಲೆಯೊಂದರ ಏಳೆಂಟು ಮಕ್ಕಳು ಬಿಳಿ ಉಡುಪು ತೊಟ್ಟು, ಕೊರಳಲ್ಲಿ ಪದಕ ಧರಿಸಿ, ಕೈಯಲ್ಲಿ ಪ್ರಮಾಣಪತ್ರ ಹಿಡಿದು ತರಬೇತುದಾರರ ಅಕ್ಕಪಕ್ಕ ನಿಂತಿರುತ್ತಾರೆ. ‘ಅಂತರರಾಷ್ಟ್ರೀಯ ಕರಾಟೆ ಸ್ಪರ್ಧೆಯಲ್ಲಿ ಸಾಧನೆ’ ಎಂಬುದು ಚಿತ್ರದಡಿಯ ಒಕ್ಕಣೆ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ಹೀಗೆ ತಾಲ್ಲೂಕು ಯಾವುದಾದರೂ ಆಗಬಹುದು. ಸ್ಪರ್ಧೆ ನಡೆಸಿದ ಸಂಸ್ಥೆ ಯಾವುದು, ಅದಕ್ಕೆ ಮಾನ್ಯತೆ ಕೊಟ್ಟವರು ಯಾರು ಎಂಬ ಎರಡು ಸಂಗತಿಗಳು ಮಾತ್ರ ಇಂತಹ ಸುದ್ದಿಯಲ್ಲಿ ಕಾಣಸಿಗುವುದು ಅಪರೂಪ.

ಮಕ್ಕಳ ಶ್ರಮದಲ್ಲಿ ಸಂದೇಹಪಡುವಂತಹುದೇನೂ ಇಲ್ಲ. ನಸುಕಿನಲ್ಲೆದ್ದು ಶಾಲೆಯ ಅಂಗಳದಲ್ಲಿ ಬರಿಗಾಲಲ್ಲಿ ಅಭ್ಯಾಸ ಮಾಡಿದವರು ಅವರು. ಪ್ರಶ್ನೆ ಇರುವುದು ಆ ಶ್ರಮಕ್ಕೆ ಬೀಳುವ ಮುದ್ರೆಯ ಬಗ್ಗೆ. ಅಕ್ಕಿಆಲೂರಿನಂತಹ ಭತ್ತದ ಸೀಮೆಯ ಊರಿನಲ್ಲಿ ಮಗಳನ್ನು ಕರಾಟೆ ತರಗತಿಗೆ ಸೇರಿಸುವ ತಂದೆತಾಯಿ ಮಾಸಿಕ ಶುಲ್ಕದ ಜೊತೆಗೆ ಬೆಲ್ಟ್ ಪರೀಕ್ಷೆಗೆ, ಪ್ರಮಾಣಪತ್ರಕ್ಕೆ, ಪ್ರಯಾಣಕ್ಕೆ ಎಂದು ಹಣ ಹೊಂದಿಸಬೇಕು. ಮಗಳಿಗೆ ಧೈರ್ಯ ಬರಲಿ ಎಂಬುದು ಅವರ ಮೊದಲ ಆಸೆ. ನಾಳೆ ಕಾಲೇಜಿಗೋ ನೌಕರಿಗೋ ಈ ಕಾಗದ ನೆರವಾದೀತು ಎಂಬುದು ಎರಡನೆಯದು. ಎರಡನೆಯ ಆಸೆಗೆ ಆಧಾರವಾಗಿರುವುದು ‘ಅಂತರರಾಷ್ಟ್ರೀಯ’ ಎಂಬ ಒಂದೇ ಪದ. ಆ ಪದದ ಬೆಲೆ ಎಷ್ಟು?

ಉತ್ತರಕ್ಕಾಗಿ ತುಸು ಇತಿಹಾಸಕ್ಕೆ ಹೋಗಬೇಕಾಗುತ್ತದೆ. ಓಕಿನಾವಾ ದ್ವೀಪದ ಈ ವಿದ್ಯೆಯನ್ನು ಶಾಲಾ ಶಿಕ್ಷಕರಾಗಿದ್ದ ಗಿಚಿನ್ ಫುನಾಕೋಶಿ 1922ರಲ್ಲಿ ಟೋಕಿಯೊಗೆ ತಂದರು. ಇಂದು ಕರಾಟೆಯ ಗುರುತೇ ಆಗಿರುವ ಬೆಲ್ಟ್ ಅದರ ಹುಟ್ಟಿನೊಂದಿಗೆ ಬಂದುದಲ್ಲ. ಜೂಡೊ ಕಟ್ಟಿದ ಜಿಗೊರೊ ಕಾನೊ ರೂಪಿಸಿದ ಶ್ರೇಣಿ ಪದ್ಧತಿಯನ್ನು ಫುನಾಕೋಶಿ ತಮ್ಮದಾಗಿಸಿಕೊಂಡರು. ಗುರು ತಾನು ಬಲ್ಲ ಶಿಷ್ಯನಿಗೆ ಕೊಡುತ್ತಿದ್ದ ಗುರುತು ಅದು. ಗುರುವನ್ನು ಊರು ಬಲ್ಲುದಾಗಿದ್ದರೆ ಬೇರೆ ಮುದ್ರೆಯ ಅಗತ್ಯವಿರಲಿಲ್ಲ.

ಎರಡನೆಯ ಮಹಾಯುದ್ಧದ ಬಳಿಕ ಕರಾಟೆ ಜಪಾನಿನ ಗಡಿ ದಾಟಿತು. ಗುರುವನ್ನು ಕಾಣದ ಶಿಷ್ಯರು ಜಗತ್ತಿನಾದ್ಯಂತ ಹುಟ್ಟಿಕೊಂಡಾಗ ಗುರುವಿನ ಜಾಗಕ್ಕೆ ಸಂಸ್ಥೆ ಬಂತು. ಜಪಾನ್ ಕರಾಟೆ ಅಸೋಸಿಯೇಷನ್ ಸ್ಥಾಪನೆಯಾದದ್ದು 1949ರಲ್ಲಿ. 1970ರಲ್ಲಿ ಟೋಕಿಯೊದಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ವಿವಿಧ ದೇಶಗಳ, ವಿವಿಧ ಶೈಲಿಗಳ ಸಂಘಗಳನ್ನು ಒಂದೇ ಚಾವಣಿಯಡಿ ತರಲು ‘ವುಕೊ’ ಎಂಬ ವಿಶ್ವ ಒಕ್ಕೂಟ ಹುಟ್ಟಿತು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 1985ರಲ್ಲಿ ಅದನ್ನು ಮಾನ್ಯ ಮಾಡಿತು. ಆದರೆ ಸಾಂಪ್ರದಾಯಿಕ ಕರಾಟೆಯೇ ನಿಜವಾದದ್ದು ಎಂದು ವಾದಿಸಿದ, ಹಿದೆತಾಕ ನಿಶಿಯಾಮ ನೇತೃತ್ವದ ಇನ್ನೊಂದು ಒಕ್ಕೂಟದೊಡನೆ ಅದಕ್ಕೆ ಹೊಂದಾಣಿಕೆ ಆಗಲಿಲ್ಲ. ಜಗಳ ಬಗೆಹರಿಯದೆ ಮಾನ್ಯತೆಯೂ ಕೈತಪ್ಪಿತು. ಕೊನೆಗೆ 1999ರಲ್ಲಿ ವರ್ಲ್ಡ್ ಕರಾಟೆ ಫೆಡರೇಷನ್ ಹೆಸರಿನಲ್ಲಿ ಅದು ಮರಳಿ ದಕ್ಕಿತು. ಆ ಫೆಡರೇಷನ್ನಿನ ಸದಸ್ಯ ರಾಷ್ಟ್ರಗಳು ಇಂದು ಇನ್ನೂರರ ಆಸುಪಾಸಿನಲ್ಲಿವೆ.

ಹಾಗೆಂದು ಉಳಿದವು ಮುಚ್ಚಿಹೋಗಲಿಲ್ಲ. ಹಿರಿಯ ಗುರು ತೀರಿಕೊಂಡಾಗಲೆಲ್ಲ ಮನೆ ಪಾಲಾಗುವುದು ಕರಾಟೆಯಲ್ಲಿ ವಾಡಿಕೆಯೇ ಆಗಿದೆ. ಮಸತೋಶಿ ನಕಯಾಮ 1987ರಲ್ಲಿ ನಿಧನರಾದ ಮೇಲೆ ಜಪಾನ್ ಕರಾಟೆ ಅಸೋಸಿಯೇಷನ್ ಎರಡು ಬಣವಾಗಿ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಕಾದಾಡಿತು. ಕ್ಯೊಕುಶಿನ್ ಶೈಲಿಯ ಸ್ಥಾಪಕ ಮಾಸ್ ಒಯಾಮ 1994ರಲ್ಲಿ ತೀರಿಕೊಂಡದ್ದೇ ತಡ, ಅವರ ಸಂಸ್ಥೆ ಹಲವು ಹೋಳಾಯಿತು. ಪ್ರತಿ ಹೋಳೂ ತನ್ನನ್ನು ‘ವಿಶ್ವ’ ಅಥವಾ ‘ಅಂತರರಾಷ್ಟ್ರೀಯ’ ಎಂದು ಕರೆದುಕೊಂಡಿತು. ಹೀಗೆ ಕರೆದುಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಕಿಕ್‌ಬಾಕ್ಸಿಂಗ್ ಕತೆ ಇನ್ನೂ ಚುಟುಕು, ಇನ್ನೂ ಗೋಜಲು. ಹೊಡೆತವನ್ನು ಎದುರಾಳಿಯ ಮೈಗೆ ತಾಗುವ ಮೊದಲೇ ತಡೆಯಬೇಕೆಂಬ ಕರಾಟೆಯ ನಿಯಮ ಒಪ್ಪದವರು ಪೂರ್ಣ ಸಂಪರ್ಕದ ಹೋರಾಟಕ್ಕಿಳಿದರು. ಅಮೆರಿಕದಲ್ಲಿ 1974ರಲ್ಲಿ ಒಂದು ವೃತ್ತಿಪರ ಸಂಸ್ಥೆ ಬಂತು. 1976ರಲ್ಲಿ ಅದಕ್ಕೊಂದು ಎದುರಾಳಿ ಸಂಸ್ಥೆ. ಅದೇ ವರ್ಷ ಯುರೋಪಿನಲ್ಲಿ ಜರ್ಮನಿಯ ಜಾರ್ಜ್ ಬ್ರುಕ್ನರ್ ಮುಂದಾಳತ್ವದಲ್ಲಿ ‘ವಾಕೊ’ ಹುಟ್ಟಿ, 1978ರಲ್ಲಿ ಬರ್ಲಿನ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಸಿತು. ಜಪಾನಿನಲ್ಲಿ 1993ರಲ್ಲಿ ‘ಕೆ–1’ ಎಂಬ ಜನಪ್ರಿಯ ಪಂದ್ಯಾವಳಿ ಶುರುವಾಯಿತು. ಒಂದೊಂದು ಸಂಸ್ಥೆಗೂ ಅದರದೇ ವಿಶ್ವ ಚಾಂಪಿಯನ್; ಒಂದೇ ತೂಕದಲ್ಲಿ ಏಕಕಾಲಕ್ಕೆ ಹಲವು ಮಂದಿ ಜಗಜಟ್ಟಿಗಳು! ಒಲಿಂಪಿಕ್ ಸಮಿತಿ ವಾಕೊಗೆ ತಾತ್ಕಾಲಿಕ ಮಾನ್ಯತೆ ಕೊಟ್ಟದ್ದು 2018ರಲ್ಲಿ, ಪೂರ್ಣ ಮಾನ್ಯತೆ ಕೊಟ್ಟದ್ದು 2021ರಲ್ಲಿ. ಮಾನ್ಯತೆ ಸಿಕ್ಕಿತೆಂದ ಮಾತ್ರಕ್ಕೆ ಆಟ ಒಲಿಂಪಿಕ್ಸ್‌ಗೆ ಸೇರುವುದಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಕರಾಟೆಯೇ 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಒಮ್ಮೆ ಇಣುಕಿ, 2024ರ ಪ್ಯಾರಿಸ್ ಕೂಟದಿಂದ ಹೊರಬಿತ್ತು. 2028ರ ಲಾಸ್ ಏಂಜಲೀಸ್ ಪಟ್ಟಿಯಲ್ಲೂ ಅದಕ್ಕೆ ಜಾಗವಿಲ್ಲ. ಮಗುವಿಗೆ ಒಲಿಂಪಿಕ್ಸ್ ಕನಸು ತೋರಿಸಿ ಶುಲ್ಕ ಕೇಳುವವರು ಇಷ್ಟನ್ನಾದರೂ ಹೇಳುವುದು ಧರ್ಮ.

ಜಪಾನ್, ಅಮೆರಿಕ, ಯುರೋಪುಗಳ ಈ ಒಡಕುಗಳು ಭಾರತದಲ್ಲೂ ಪ್ರತಿಬಿಂಬಿಸಿದವು. ಕಾಲಿನ ಹೊಡೆತದ ಸಿನಿಮಾಗಳು ಊರೂರಿನ ಟೆಂಟುಗಳಿಗೆ ಬಂದ ಕಾಲದಲ್ಲಿ, ‘ಕರಾಟೆ ಕಿಂಗ್’ ಎಂದು ಅಭಿಮಾನಿಗಳು ಕರೆದ ಶಂಕರ್‌ನಾಗ್ ತೆರೆಯ ಮೇಲಿದ್ದ ಕಾಲದಲ್ಲಿ, ಕನ್ನಡನಾಡಿನ ಸಣ್ಣ ಊರುಗಳಲ್ಲೂ ಕರಾಟೆಯ ಹಂಬಲ ಹಬ್ಬಿತು. ಕಲಿಸುವವರು ಹೆಚ್ಚಿದಂತೆ ಸಂಘಗಳೂ ಹೆಚ್ಚಿದವು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ಏಳು ಮಂದಿ ಸೇರಿದರೆ ಒಂದು ಸಂಘ ನೋಂದಣಿಯಾಗುತ್ತದೆ. ನೋಂದಣಿ ಎಂಬುದು ಸಂಘದ ಅಸ್ತಿತ್ವಕ್ಕೆ ದಾಖಲೆಯೇ ಹೊರತು ವಿದ್ಯೆಗೆ ಪ್ರಮಾಣವಲ್ಲ. ‘ಸರ್ಕಾರದಿಂದ ನೋಂದಾಯಿತ’ ಎಂಬ ಬ್ಯಾನರಿನ ಸಾಲನ್ನು ‘ಸರ್ಕಾರದಿಂದ ಮಾನ್ಯ’ ಎಂದು ಓದಿಕೊಳ್ಳುವ ಪೋಷಕರ ತಪ್ಪೇನಿದೆ? ಹಾಗೆ ಓದಲೆಂದೇ ಅದನ್ನು ಬರೆಸಿರುತ್ತಾರೆ.

ಮೇಲುಸ್ತರದಲ್ಲಿಯೂ ಗೊಂದಲ ಕಡಿಮೆಯೇನಲ್ಲ. ದೇಶದ ಅಧಿಕೃತ ಸಂಸ್ಥೆ ಎನಿಸಿದ್ದ ಕರಾಟೆ ಅಸೋಸಿಯೇಷನ್ ಆಫ್ ಇಂಡಿಯಾಕ್ಕೆ ಕೊಟ್ಟಿದ್ದ ಮಾನ್ಯತೆಯನ್ನು ಭಾರತೀಯ ಒಲಿಂಪಿಕ್ ಸಂಸ್ಥೆ 2020ರ ಜನವರಿಯಲ್ಲಿ ಹಿಂತೆಗೆದುಕೊಂಡಿತು. ಅದೇ ಜೂನ್‌ನಲ್ಲಿ ವಿಶ್ವ ಫೆಡರೇಷನ್ ಕೂಡ ನಿಯಮ ಉಲ್ಲಂಘನೆಯ ಕಾರಣ ಕೊಟ್ಟು ಅದೇ ದಾರಿ ಹಿಡಿಯಿತು. ಬಳಿಕ ಆ ಸ್ಥಾನಕ್ಕೆ ಬಂದದ್ದು ಕರಾಟೆ ಇಂಡಿಯಾ ಆರ್ಗನೈಸೇಷನ್. ಲಾಸಾನ್, ದೆಹಲಿಗಳಲ್ಲಿ ಓಡಾಡುವ ಇಂತಹ ಪತ್ರಗಳ ಅರಿವು ಹಾನಗಲ್ ತಾಲ್ಲೂಕಿನ ಒಬ್ಬ ಬಾಲಕಿಗೆ ಹೇಗೆ ಇರಬೇಕು? ಆದರೆ ಅವಳು ಗೆದ್ದ ಪದಕ ಯಾವ ಪಟ್ಟಿಗೆ ಸೇರುತ್ತದೆ ಎಂಬುದನ್ನು ನಿರ್ಧರಿಸುವುದು ಆ ಪತ್ರಗಳೇ.

ಹಣ, ಪದಕಗಳ ಮಾತು ಇಷ್ಟಾಯಿತು. ಇದಕ್ಕಿಂತ ಗಂಭೀರವಾದದ್ದು ಜೀವದ ಪ್ರಶ್ನೆ. 2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಮೈಸೂರಿನ ಯುವಕನೊಬ್ಬ ಎದುರಾಳಿಯ ಹೊಡೆತಕ್ಕೆ ರಿಂಗಿನಲ್ಲೇ ಕುಸಿದುಬಿದ್ದು, ಎರಡು ದಿನಗಳ ಬಳಿಕ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ. ಸ್ಥಳದಲ್ಲಿ ವೈದ್ಯಕೀಯ ವ್ಯವಸ್ಥೆ ಇರಲಿಲ್ಲವೆಂದು ಕುಟುಂಬದವರು ದೂರಿದರು. ಪೊಲೀಸರು ಪ್ರಕರಣ ದಾಖಲಿಸಿದರು. ತಪ್ಪಿತಸ್ಥರು ಯಾರೆಂದು ಹೇಳುವುದು ನ್ಯಾಯಾಲಯದ ಕೆಲಸ. ಆದರೆ ಪಂದ್ಯ ನಡೆಯುವ ಮೊದಲೇ ಆಂಬುಲೆನ್ಸ್ ಇದೆಯೇ, ವೈದ್ಯರಿದ್ದಾರೆಯೇ ಎಂದು ನೋಡಬೇಕಾದದ್ದು ಯಾರ ಕೆಲಸ ಎಂಬ ಪ್ರಶ್ನೆ ನಮ್ಮೆಲ್ಲರಿಗೂ ಸೇರಿದ್ದು.

ನಿಯಮ ಎಂಬುದು ಬರೀ ಕಾಗದವಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 75 ಕೆ.ಜಿ.ಗೂ ಮೇಲ್ಪಟ್ಟ ಪುರುಷರ ಕುಮಿಟೆ ಫೈನಲ್‌ನಲ್ಲಿ ಸೌದಿ ಅರೇಬಿಯಾದ ತಾರೆಗ್ ಹಮೇದಿ ಮುಂದಿದ್ದರು. ಅವರ ಒದೆತ ಇರಾನಿನ ಸಜ್ಜಾದ್ ಗಂಜ್‌ಜಾದೆ ಅವರ ತಲೆಗೆ ಬಿದ್ದು ಅವರು ಪ್ರಜ್ಞೆ ತಪ್ಪಿದರು. ಒದ್ದವರು ಅನರ್ಹರಾದರು, ಸ್ಟ್ರೆಚರ್ ಮೇಲೆ ಹೋದವರಿಗೆ ಚಿನ್ನ ಸಂದಿತು. ನೋಡಿದವರಿಗೆ ವಿಚಿತ್ರವೆನಿಸಿದ ಈ ತೀರ್ಪಿನ ಹಿಂದೆ ಸ್ಪಷ್ಟವಾದ ತತ್ತ್ವವಿದೆ: ಹೊಡೆತದ ಮೇಲೆ ಹಿಡಿತವಿಲ್ಲದವನು ಕರಾಟೆ ಬಲ್ಲವನಲ್ಲ. ಅದೇ ಒದೆತ ಪೂರ್ಣ ಸಂಪರ್ಕದ ಕಿಕ್‌ಬಾಕ್ಸಿಂಗ್ ರಿಂಗಿನಲ್ಲಿ ಬಿದ್ದಿದ್ದರೆ ಗೆಲುವು ಒದ್ದವನದೇ. ವಾಕೊ ಒಂದರಲ್ಲೇ ಲಘು ಸ್ಪರ್ಶದ ಅಂಕದಾಟದಿಂದ ಕೆ–1 ಶೈಲಿಯವರೆಗೆ ಹಲವು ವಿಭಾಗಗಳಿವೆ. ಮಗ ಆಡುವುದು ಇವುಗಳಲ್ಲಿ ಯಾವುದು ಎಂದು ಕೇಳದೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಪೋಷಕರು ಎಷ್ಟು ದೊಡ್ಡ ಅಪಾಯವನ್ನು ಒಪ್ಪಿಕೊಂಡಿದ್ದಾರೆಂದು ಅವರಿಗೇ ತಿಳಿದಿರುವುದಿಲ್ಲ.

ಇದಕ್ಕೆ ಮದ್ದೇನು? ಒಂದೇ ಸಂಸ್ಥೆ ಉಳಿದು ಮಿಕ್ಕೆಲ್ಲವೂ ಮುಚ್ಚಬೇಕೆನ್ನುವುದು ಸರಿಯಲ್ಲ. ವಿಶ್ವ ಫೆಡರೇಷನ್ ತನ್ನ ಕಟಾ ಸ್ಪರ್ಧೆಗಳಿಗೆ ಆಧಾರವಾಗಿಸಿಕೊಂಡಿರುವುದು ಶೊಟೊಕಾನ್, ಗೊಜು, ಶಿಟೊ, ವಾಡೊ ಎಂಬ ನಾಲ್ಕು ಮುಖ್ಯ ಶೈಲಿಗಳನ್ನು. ಅವುಗಳ ಆಚೆಗೂ ಪ್ರಾಮಾಣಿಕವಾಗಿ ವಿದ್ಯೆ ಕಲಿಸುವ ಪರಂಪರೆಗಳಿವೆ. ಒಲಿಂಪಿಕ್ ಚೌಕಟ್ಟಿನ ಗೊಡವೆ ಬೇಡವೆಂದು ಹೊರಗುಳಿದ ಗುರುಗಳಿದ್ದಾರೆ. ಅತ್ತ ಮಾನ್ಯತೆ ಪಡೆದ ಸಂಸ್ಥೆಯೂ ಅಡ್ಡದಾರಿ ಹಿಡಿಯಬಹುದೆಂಬುದಕ್ಕೆ 2020ರ ಪ್ರಸಂಗವೇ ಸಾಕ್ಷಿ. ಕೆಡುಕಿರುವುದು ಸಂಸ್ಥೆಗಳು ಹಲವಾಗಿರುವುದರಲ್ಲಿ ಅಲ್ಲ. ಯಾವುದು ಏನೆಂಬುದು ಹಣ ಕೊಡುವವರಿಗೆ ತಿಳಿಯದಿರುವುದರಲ್ಲಿ.

ವಿರಾಟನಗರವೆಂದು ಐತಿಹ್ಯ ಹೇಳುವ ಹಾನಗಲ್ ಸೀಮೆಗೆ ಮಲ್ಲವಿದ್ಯೆಯ ನಂಟು ಹೊಸದಲ್ಲ; ವಿರಾಟನ ಆಸ್ಥಾನದಲ್ಲಿ ಭೀಮ ಜೀಮೂತನೆಂಬ ಮಲ್ಲನನ್ನು ಕೆಡವಿದ ಕತೆ ಭಾರತದಲ್ಲೇ ಇದೆ. ಉತ್ತರ ಕರ್ನಾಟಕದ ಗರಡಿಮನೆಗಳಲ್ಲಿ ಪೈಲ್ವಾನನಿಗೆ ಪ್ರಮಾಣಪತ್ರ ಬೇಕಿರಲಿಲ್ಲ. ಜಾತ್ರೆಯ ಕುಸ್ತಿ ಕಣದಲ್ಲಿ ಇಡೀ ಊರೇ ನಿರ್ಣಾಯಕ. ಬೆನ್ನು ಮಣ್ಣಿಗೆ ತಾಗಿತೋ ಇಲ್ಲವೋ ಎಂಬುದು ಎಲ್ಲರ ಕಣ್ಣೆದುರಿನ ಸಂಗತಿ. ಕರಾಟೆಯಲ್ಲಿ ಈ ಸಾರ್ವಜನಿಕ ಸಾಕ್ಷ್ಯವಿಲ್ಲ. ಮುಚ್ಚಿದ ಸಭಾಂಗಣದಲ್ಲಿ ನಡೆದ ಪರೀಕ್ಷೆಯ ಫಲಿತಾಂಶವನ್ನು ಊರು ನಂಬಬೇಕಾದದ್ದು ಮುದ್ರೆಯನ್ನು ನೋಡಿಯೇ. ಹಾಗಾಗಿ ಮುದ್ರೆಯ ಹೊಣೆ ದೊಡ್ಡದು.

ಆ ಹೊಣೆಯಲ್ಲಿ ಸರ್ಕಾರಕ್ಕೂ ಪಾಲಿದೆ. ಏಕೆಂದರೆ ಇಂದು ಈ ವಿದ್ಯೆಯ ದೊಡ್ಡ ಗ್ರಾಹಕರಲ್ಲಿ ಅದೂ ಒಂದು. ಸಮಗ್ರ ಶಿಕ್ಷಣದಡಿ ಸರ್ಕಾರಿ ಶಾಲೆಗಳ 6ರಿಂದ 12ನೇ ತರಗತಿಯ ಬಾಲಕಿಯರಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನಲ್ಲಿ ಮೂರು ತಿಂಗಳ ಆತ್ಮರಕ್ಷಣಾ ತರಬೇತಿಯಿದೆ. ರಾಜ್ಯದ ವಸತಿ ಶಾಲೆ, ವಿದ್ಯಾರ್ಥಿನಿಲಯಗಳ ಹೆಣ್ಣುಮಕ್ಕಳಿಗೆ ಓಬವ್ವನ ಹೆಸರಿನ ಯೋಜನೆಯಿದೆ. ಉದ್ದೇಶ ಶ್ಲಾಘನೀಯ. ಆದರೆ ತರಬೇತುದಾರರನ್ನು ನೇಮಿಸುವಾಗ ಬ್ಲ್ಯಾಕ್ ಬೆಲ್ಟ್ ಇದೆಯೇ ಎಂದು ಕೇಳಿದರಷ್ಟೇ ಸಾಲದು. ಅದನ್ನು ಕೊಟ್ಟವರು ಯಾರು, ಎಷ್ಟು ವರ್ಷಗಳ ಅಭ್ಯಾಸದ ಮೇಲೆ ಕೊಟ್ಟರು, ಪ್ರಥಮ ಚಿಕಿತ್ಸೆ ಗೊತ್ತೇ, ಮಕ್ಕಳೊಡನೆ ನಡೆದುಕೊಳ್ಳುವ ರೀತಿ ಹೇಗಿದೆ ಎಂಬುದನ್ನೂ ನೋಡಬೇಕು.

2025ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯು ಕ್ರೀಡಾ ಒಕ್ಕೂಟಗಳಿಗೆ ಮಾನ್ಯತೆ ಕೊಡಲು ರಾಷ್ಟ್ರೀಯ ಕ್ರೀಡಾ ಮಂಡಳಿ, ವ್ಯಾಜ್ಯ ತೀರ್ಮಾನಕ್ಕೆ ನ್ಯಾಯಮಂಡಳಿ ಎಂಬ ವ್ಯವಸ್ಥೆ ರೂಪಿಸಿದೆ. ಇದು ಸ್ವಾಗತಾರ್ಹ. ಆದರೆ ದೆಹಲಿಯ ಪಟ್ಟಿ ತಾಲ್ಲೂಕಿನ ಶಾಲೆಯ ಸೂಚನಾಫಲಕದವರೆಗೆ ತಲುಪದಿದ್ದರೆ ಅಕ್ಕಿಆಲೂರಿನ ಪೋಷಕರಿಗೆ ಅದರಿಂದಾಗುವ ಪ್ರಯೋಜನವೇನು? ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಪ್ರತಿ ವರ್ಷ ಜೂನ್‌ನಲ್ಲಿ, ಶಾಲೆಗಳು ತೆರೆಯುವ ಹೊತ್ತಿಗೆ, ಯಾವ ಆಟಕ್ಕೆ ಯಾವ ಸಂಸ್ಥೆ ಮಾನ್ಯ, ಯಾವ ಪ್ರಮಾಣಪತ್ರ ಕ್ರೀಡಾ ಮೀಸಲಾತಿಗೆ ಸಲ್ಲುತ್ತದೆ ಎಂಬ ಒಂದು ಪುಟದ ಪಟ್ಟಿಯನ್ನು ಕನ್ನಡದಲ್ಲಿ ಪ್ರಕಟಿಸಲಿ. ರಿಂಗಿನ ಯಾವುದೇ ಪಂದ್ಯಕ್ಕೆ ವೈದ್ಯರು ಮತ್ತು ಆಂಬುಲೆನ್ಸ್ ಇಲ್ಲದೆ ಸ್ಥಳೀಯ ಆಡಳಿತ ಅನುಮತಿ ಕೊಡದಿರಲಿ. ಇವೆರಡಕ್ಕೂ ಹೊಸ ಕಾನೂನು ಬೇಡ, ದೊಡ್ಡ ಅನುದಾನವೂ ಬೇಡ.

ಪತ್ರಿಕೆಗಳೂ ಒಂದು ಸಾಲು ಹೆಚ್ಚು ಬರೆಯಬಹುದು: ಸ್ಪರ್ಧೆ ನಡೆಸಿದವರು ಯಾರು, ಎಷ್ಟು ದೇಶಗಳಿಂದ ಎಷ್ಟು ಮಂದಿ ಬಂದಿದ್ದರು ಎಂದು. ಅದರಿಂದ ಆ ಮಕ್ಕಳ ಸಾಧನೆ ಕಿರಿದಾಗುವುದಿಲ್ಲ. ಜಿಲ್ಲಾ ಮಟ್ಟದಲ್ಲಿ ನಿಜವಾಗಿ ಗೆದ್ದ ಹುಡುಗಿಯ ಪದಕಕ್ಕೆ, ಹೆಸರಷ್ಟೇ ದೊಡ್ಡದಾದ ಕೂಟದ ಚಿನ್ನಕ್ಕಿಂತ ಹೆಚ್ಚಿನ ತೂಕವಿದೆ ಎಂಬುದು ಆಗ ಅವಳಿಗೂ, ಅವಳ ಊರಿಗೂ ತಿಳಿಯುತ್ತದೆ.